ಕಂಟ್ರಿ ಗಾಯಕಿ ನೇಯೋಮಿ ಜಡ್ ಕಾಯಿಲೆ ಬಂದ ಮೇಲೆ ಏನು ಮಾಡಿದರು?

ಅಮೆರಿಕದ ಕಂಟ್ರಿ ಸಂಗೀತದ (ಅಲ್ಲಿನ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಶೈಲಿ) ಜೋಡಿ 'ದ ಜಡ್ಸ್' ಅಂದರೆ ತಾಯಿ ನೇಯೋಮಿ, ಮಗಳು ವೈನೋನಾ. ಹಾಡಿ ಹೆಸರು ಮಾಡುವ ಮೊದಲು ನೇಯೋಮಿ ನರ್ಸ್ ಆಗಿದ್ದರು. ಆಗ ಸೂಜಿ ಚುಚ್ಚಿ ಸೋಂಕು ತಗುಲಿರಬೇಕು ಅಂತ ಅವರೇ ನಂಬಿದ್ದರು. 1990ರಲ್ಲಿ ಹೆಪಟೈಟಿಸ್ ಸಿ, ಅಂದರೆ ಲಿವರ್‌ಗೆ ತಗುಲುವ ವೈರಸ್ ಸೋಂಕು, ಇರುವುದು ಗೊತ್ತಾಯಿತು. ಆದರೂ ಸುಮ್ನೆ ಮರೆಯಾಗಲಿಲ್ಲ, 1991ರಲ್ಲಿ ವಿದಾಯದ ಪ್ರವಾಸ ಮುಗಿಸಿಯೇ ವೇದಿಕೆ ಇಳಿದರು.

ಅವರ ದೊಡ್ಡ ಕೆಲಸ ಶುರುವಾಗಿದ್ದೇ ಆಮೇಲೆ ಅನ್ನೋದು ನನ್ನ ಅನಿಸಿಕೆ. ಅಮೆರಿಕನ್ ಲಿವರ್ ಫೌಂಡೇಶನ್ ಪರವಾಗಿ ಊರೂರಿಗೆ ಹೋಗಿ ಮಾತಾಡಿದರು. ಈ ವೈರಸ್ ವರ್ಷಗಟ್ಟಲೆ ಸದ್ದಿಲ್ಲದೆ ಲಿವರ್ ಹಾಳು ಮಾಡುತ್ತದೆ, ರಕ್ತಪರೀಕ್ಷೆ ಮಾಡಿಸದೆ ಗೊತ್ತೇ ಆಗುವುದಿಲ್ಲ. ಅದರ ಜೊತೆಗೆ 'ಡ್ರಗ್ಸ್ ತಗೊಳ್ಳೋರ ಕಾಯಿಲೆ' ಅನ್ನೋ ಕಳಂಕ ಬೇರೆ. ಹೆಸರಾಂತ ಗಾಯಕಿ, ಅದೂ ನರ್ಸ್ ಆಗಿದ್ದವರು, ತನಗೂ ಇದೆ ಅಂದರೆ ಜನ ಕಿವಿಗೊಡ್ತಾರೆ ಅಲ್ವಾ?

ವೈರಸ್ ಹೋಯಿತು, ಆದರೆ ಮುಂದೆ ತೀವ್ರ ಖಿನ್ನತೆ ಕಾಡಿತು. ಅದನ್ನೂ 2016ರ ಪುಸ್ತಕದಲ್ಲಿ ಮುಚ್ಚುಮರೆ ಇಲ್ಲದೆ ಬರೆದರು. 2022ರ ಏಪ್ರಿಲ್ 30ರಂದು ಆ ಖಿನ್ನತೆಯೇ ಅವರನ್ನು ಬಲಿ ತೆಗೆದುಕೊಂಡಿತು.

ಅಂದಹಾಗೆ, ಹೆಪಟೈಟಿಸ್ ಸಿಗೆ ಆಗ ಅವರು ತೆಗೆದುಕೊಂಡಿದ್ದು ಇಂಟರ್‌ಫೆರಾನ್ ಅನ್ನೋ ಔಷಧಿಯ ಇಂಜೆಕ್ಷನ್, ಅದರ ಅಡ್ಡಪರಿಣಾಮ ಜಾಸ್ತಿ. ಈಗ ಹೆಪಟೈಟಿಸ್ ಸಿ ಬಹುತೇಕರಿಗೆ 8ರಿಂದ 12 ವಾರ ಮಾತ್ರೆ ನುಂಗಿದರೆ ವಾಸಿಯಾಗುತ್ತದೆ.