ಗಡಿ ಹತ್ತಿರದ ಬೀಚಿನ ಕಸ ಎಣಿಸಿ ಏನುಪಯೋಗ?

ಪ್ರಶ್ನೆ: ನಾವು ಟೆಕ್ಸಾಸಿನಲ್ಲಿರುವ ಕನ್ನಡಿಗರು. ಮೆಕ್ಸಿಕೋ ಗಡಿ ಹತ್ತಿರದ ಸೌತ್ ಪಾಡ್ರೆ ದ್ವೀಪಕ್ಕೆ ಹೋದಾಗಲೆಲ್ಲ ಸ್ಪ್ಯಾನಿಷ್ ಲೇಬಲ್ಲಿನ ಬಾಟಲಿಗಳು ಕಾಣುತ್ತವೆ. ‘ಎಲ್ಲಾ ಆಚೆ ಕಡೆಯ ಕಸ’ ಅಂತ ಸ್ನೇಹಿತರು ಅನ್ನುತ್ತಾರೆ. ಮಕ್ಕಳ ಜೊತೆ ಕೂತು ಎಣಿಸಿ ಬರೆದಿಟ್ಟರೆ ಏನಾದರೂ ಉಪಯೋಗವಿದೆಯಾ?

ಉತ್ತರ: ಖಂಡಿತ ಇದೆ. ಮೊದಲು, ಲೇಬಲ್ ನೋಡಿ ತೀರ್ಪು ಕೊಡಬೇಡಿ. ಬಾಟಲಿ ಹಡಗಿನಿಂದ ಬಿತ್ತಾ, ನದಿಯಲ್ಲಿ ತೇಲಿಬಂತಾ ಅಂತ ಲೇಬಲ್ ಹೇಳುವುದಿಲ್ಲ. ಪಾಡ್ರೆ ದ್ವೀಪದ ಹತ್ತಿರ ಉತ್ತರದ ಪ್ರವಾಹ, ದಕ್ಷಿಣದ ಪ್ರವಾಹ ಎರಡೂ ಬಂದು ಸೇರುತ್ತವೆ. ಎರಡೂ ಕಡೆಯ ಕಸ ಅಲ್ಲಿಗೇ ಬರುತ್ತದೆ.

ಬಾಟಲಿಯ ಬದಲು ನೀವು ನರ್ಡಲ್ ಹುಡುಕಿ. ಪ್ಲಾಸ್ಟಿಕ್ ಸಾಮಾನು ಮಾಡಲು ಬಳಸುವ ಕಚ್ಚಾ ಮಣಿ ಅದು, ಸಾಬಕ್ಕಿಯಷ್ಟು ದಪ್ಪ. 2018ರಲ್ಲಿ ಟೆಕ್ಸಾಸಿನ ಪೋರ್ಟ್ ಅರಾನ್ಸಾಸ್‌ನಲ್ಲಿ ‘ನರ್ಡಲ್ ಪಟ್ರೋಲ್’ ಶುರುವಾಯಿತು, ಜನರೇ ಮಣಿ ಹೆಕ್ಕಿ ಲೆಕ್ಕ ಕೊಡುವ ಯೋಜನೆ ಅದು. ಈಗ ಮೆಕ್ಸಿಕೋ ತೀರದವರೂ ಅದೇ ಕ್ರಮದಲ್ಲಿ ಎಣಿಸುತ್ತಾರೆ. ಅಲೆ ಬಿಟ್ಟುಹೋದ ಕಸದ ಗೆರೆಯಲ್ಲಿ ಕೂತು 10 ನಿಮಿಷ ಕೈಯಿಂದಲೇ ಹೆಕ್ಕಬೇಕು. ಆಮೇಲೆ ಎಣಿಸಿ, ಜಾಗ, ದಿನಾಂಕ ಸೇರಿಸಿ ಆ ಯೋಜನೆಯವರಿಗೆ ಕಳಿಸಬೇಕು. ಅಷ್ಟೇ. ನಾನೂ ಹೆಕ್ಕಿದ್ದೇನೆ. ಒಣಗಿದ ಸರ್ಗಾಸಮ್ ಪಾಚಿಯನ್ನು ಮೆಲ್ಲಗೆ ಎತ್ತಿದರೆ ಅಡಿಯಲ್ಲೇ ಇರುತ್ತವೆ. ಹೊಸದು ಬೆಳ್ಳಗೆ, ಬಿಸಿಲು ತಿಂದದ್ದು ಹಳದಿ. ಸಂಶಯ ಬಂದರೆ ಉಗುರಿನಿಂದ ಒತ್ತಿ ನೋಡಿ. ಶಂಖದ ಚೂರಾದರೆ ಗಟ್ಟಿ, ಮೀನಿನ ಮೊಟ್ಟೆಯಾದರೆ ಪಚಕ್ಕೆನ್ನುತ್ತದೆ. ಎರಡೂ ಅಲ್ಲದಿದ್ದರೆ ನರ್ಡಲ್ ಇರಬಹುದು. ಒಂದೂ ಸಿಗದಿದ್ದರೆ ಸೊನ್ನೆ ಅಂತಲೇ ಬರೆಯಿರಿ. ಆ ಸೊನ್ನೆಯೂ ಬೇಕು.

ಇಂಥ ಲೆಕ್ಕದ ಬಲ ಎಷ್ಟು ಅಂತ ಅದೇ ಟೆಕ್ಸಾಸಿನ ಲವಾಕಾ ಕೊಲ್ಲಿಯಲ್ಲಿ ಗೊತ್ತಾಯಿತು. ಡಯೇನ್ ವಿಲ್ಸನ್ ಸಿಗಡಿ ಹಿಡಿದು ಬದುಕಿದ ಹೆಣ್ಣುಮಗಳು. ಆಕೆ ಮತ್ತು ಜೊತೆಗಾರರು ವರ್ಷಗಟ್ಟಲೆ ಮಣಿ ಹೆಕ್ಕಿದರು, ಚೀಲ ಚೀಲ ತುಂಬಿಟ್ಟರು. ಮಣಿಗಳನ್ನು ನೀರಿಗೆ ಬಿಡುತ್ತಿದ್ದ ಅಲ್ಲಿನ ಕಾರ್ಖಾನೆಯ ಮೇಲೆ ಕೇಸು ಹಾಕಿದಾಗ ಕೋರ್ಟಿನಲ್ಲಿ ಅದೇ ಸಾಕ್ಷಿ. 2019ರಲ್ಲಿ ಆ ಕಾರ್ಖಾನೆಯ ಫಾರ್ಮೋಸಾ ಪ್ಲಾಸ್ಟಿಕ್ಸ್ ಕಂಪನಿ 5 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿಗೆ ಬಂತು. ಇನ್ನು ಮುಂದೆ ಮಣಿ ಹೊರಗೆ ಬಿಡುವುದಿಲ್ಲ ಎಂದೂ ಬರೆದುಕೊಟ್ಟಿತು. ಆ ಕಾರ್ಖಾನೆ ಗಡಿಯ ಆಚೆ ಇಲ್ಲ, ಈಚೆಗೇ ಇದೆ ಅಲ್ವಾ? ನಿಮ್ಮ ಸ್ನೇಹಿತರಿಗೆ ಇದನ್ನು ಹೇಳಿ.

ಮಕ್ಕಳ ಮೇಲೆ ಮಾತ್ರ ಕಣ್ಣಿರಲಿ. ಅಲ್ಲಿ ಕೆಲವೊಮ್ಮೆ ನೀಲಿ ಬಣ್ಣದ, ಗಾಳಿ ತುಂಬಿಕೊಂಡ ಜೀವಿಯೊಂದು ದಡಕ್ಕೆ ಬಂದು ಬಿದ್ದಿರುತ್ತದೆ. ಸತ್ತಿದ್ದರೂ ಕುಟುಕುತ್ತದೆ, ಮುಟ್ಟಬಾರದು. ಸಮುದ್ರದ ನೀರಿನಲ್ಲಿರುವ ವಿಷ ಮಣಿಗೆ ಅಂಟಿಕೊಳ್ಳುತ್ತದೆ. ಹೆಕ್ಕಿದ ಮೇಲೆ ಸೋಪು ಹಾಕಿ ಕೈ ತೊಳೆಸಿ, ಆಮೇಲೆ ತಿಂಡಿ ಕೊಡಿ.