ಸೇವಾ ಕ್ಲಬ್‌ಗಳ ಯುವ ಕಾರ್ಯಕ್ರಮ, ಸನ್ಮಾನ: ತೀರ್ಮಾನ ಯಾರದು ಎಂದು ನೋಡಿ

"ಸೇವಾ ಕ್ಲಬ್ಬೊಂದು ಸದಸ್ಯತ್ವಕ್ಕೆ ಕರೆದಿದೆ. ವಿದ್ಯಾರ್ಥಿಗಳಿಗೆ ನೆರವು, ಸಾಧಕರಿಗೆ ಸನ್ಮಾನ ಎನ್ನುತ್ತಾರೆ. ಫೋಟೋ ಬಿಟ್ಟರೆ ಬೇರೇನಾದರೂ ಆಗುತ್ತದೆಯೇ?" ಎಂದು ಕೇಳಿದ್ದೀರಿ.

ಆಗುತ್ತದೆ. ಆದರೆ ಎಲ್ಲ ಕ್ಲಬ್‌ಗಳಲ್ಲೂ ಆಗುವುದಿಲ್ಲ. ಆಗುವ ಕ್ಲಬ್ಬಿನಲ್ಲೂ ಪ್ರತಿ ವರ್ಷ ಆಗುವುದಿಲ್ಲ. ಇಂಥದ್ದೊಂದು ಕ್ಲಬ್ಬಿನಲ್ಲಿ ನಾನು ಬಹಳ ಕಾಲದಿಂದ ಇದ್ದೇನೆ. ಯುವ ಸಮಿತಿಯಲ್ಲಿ ಓಡಾಡಿದ್ದೇನೆ, ಸನ್ಮಾನಕ್ಕೆ ಹೆಸರು ಆರಿಸುವ ಸಮಿತಿಯಲ್ಲೂ ಕುಳಿತಿದ್ದೇನೆ. ಒಳಗಿನವನ ಮಾತಾದ್ದರಿಂದ ಸ್ವಲ್ಪ ಪಕ್ಷಪಾತ ಇದ್ದೀತು, ಅದನ್ನು ಕಳೆದು ಓದಿಕೊಳ್ಳಿ. ನಾನು ನೋಡುವುದು ಒಂದನ್ನೇ: ತೀರ್ಮಾನ ಯಾರ ಕೈಯಲ್ಲಿದೆ? ಯುವ ಕಾರ್ಯಕ್ರಮ ಏನಿರಬೇಕೆಂದು ಯುವಕರೇ ನಿರ್ಧರಿಸುತ್ತಿದ್ದರೆ, ಸನ್ಮಾನದ ಹೆಸರು ಕ್ಲಬ್ಬಿನ ಹೊರಗಿನಿಂದ ಬರುತ್ತಿದ್ದರೆ, ಅಲ್ಲಿ ನಿಜವಾದ ಕೆಲಸ ನಡೆಯುತ್ತಿರುತ್ತದೆ.

ಮೊದಲು ಯುವಕರ ವಿಷಯ. ದೊಡ್ಡ ಸೇವಾ ಸಂಸ್ಥೆಗಳೆಲ್ಲ ಶುರುವಾದದ್ದು ವ್ಯಾಪಾರಿಗಳು, ವೃತ್ತಿಪರರು ಕಲೆಯುವ ಕೂಟಗಳಾಗಿ. ರೋಟರಿ 1905ರಲ್ಲಿ ಷಿಕಾಗೋದಲ್ಲಿ, ಕಿವಾನಿಸ್ 1915ರಲ್ಲಿ ಡೆಟ್ರಾಯಿಟ್‌ನಲ್ಲಿ, ಲಯನ್ಸ್ 1917ರಲ್ಲಿ ಹುಟ್ಟಿದವು. ವಿದ್ಯಾರ್ಥಿಗಳು ತಮ್ಮದೇ ಕ್ಲಬ್ ನಡೆಸಲಿ ಎಂಬ ಯೋಚನೆಯ ಮೊದಮೊದಲ ಪ್ರಯತ್ನಗಳಲ್ಲಿ ಒಂದು ಕೀ ಕ್ಲಬ್. ಕಿವಾನಿಸ್ ಬೆಂಬಲದಿಂದ 1925ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಹೈಸ್ಕೂಲಿನಲ್ಲಿ ಆರಂಭವಾಯಿತು. ಲಯನ್ಸ್‌ನವರ ಲಿಯೋ ಕ್ಲಬ್ 1957ರಲ್ಲಿ ಪೆನ್ಸಿಲ್ವೇನಿಯಾದ ಅಬಿಂಗ್ಟನ್ ಹೈಸ್ಕೂಲಿನಲ್ಲಿ ಬಂತು. ಅದರ ಹಿಂದಿದ್ದವರು ಅಲ್ಲಿನ ಬೇಸ್‌ಬಾಲ್ ತರಬೇತುದಾರ ಜಿಮ್ ಗ್ರೇವರ್. ಹಾಗಾಗಿ ಮೊದಲ ಸದಸ್ಯರಲ್ಲಿ ಹೆಚ್ಚಿನವರು ಅವರ ಆಟಗಾರರೇ. ರೋಟರಿಯ ಇಂಟರಾಕ್ಟ್ 1962ರಲ್ಲಿ, ರೋಟರಾಕ್ಟ್ 1968ರಲ್ಲಿ ಹುಟ್ಟಿದವು. ನಾಯಕತ್ವ ಶಿಬಿರ 'ರೈಲಾ'ದ ಮೂಲ ಇನ್ನೂ ಸ್ವಾರಸ್ಯಕರ. 1959ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ಶತಮಾನೋತ್ಸವಕ್ಕೆ ಬ್ರಿಟನ್ನಿನ ರಾಜಕುಮಾರಿ ಅಲೆಕ್ಸಾಂಡ್ರಾ ಬಂದಾಗ, ಅವರದೇ ವಯಸ್ಸಿನ ಯುವಜನರನ್ನು ರೋಟರಿಯವರು ಒಂದೆಡೆ ಸೇರಿಸಿದರು. ಬಂದವರ ಚುರುಕು ನೋಡಿ, ಇದನ್ನು ಪ್ರತಿ ವರ್ಷ ಮಾಡೋಣ ಎಂದುಕೊಂಡರು. 1971ರಲ್ಲಿ ರೋಟರಿ ಇಂಟರ್‌ನ್ಯಾಷನಲ್ ಅದನ್ನು ಅಧಿಕೃತ ಕಾರ್ಯಕ್ರಮವಾಗಿ ಸ್ವೀಕರಿಸಿತು.

ಇವೆಲ್ಲದರ ನಿಯಮಾವಳಿ ಓದಿದರೆ ಒಂದು ಮಾತು ಸ್ಪಷ್ಟ: ಯುವ ಕ್ಲಬ್ಬಿನ ಪದಾಧಿಕಾರಿಗಳನ್ನು ಆ ಕ್ಲಬ್ಬಿನವರೇ ಆರಿಸಬೇಕು, ಯೋಜನೆಗಳನ್ನೂ ಅವರೇ ಆರಿಸಬೇಕು. 12ರಿಂದ 18 ವಯಸ್ಸಿನವರ ಇಂಟರಾಕ್ಟ್‌ಗೂ ಇದೇ ನಿಯಮ. ಕಾಗದದಲ್ಲಿ ಇರುವುದು ಇದು. ನಡೆಯುವುದು ಏನೆಂದರೆ, ಹಿರಿಯರು ಕಾರ್ಯಕ್ರಮ ನಿಗದಿ ಮಾಡಿ, ಬ್ಯಾನರ್ ಮುದ್ರಿಸಿ, ಕುರ್ಚಿ ತುಂಬಿಸಲು ವಿದ್ಯಾರ್ಥಿಗಳನ್ನು ಕರೆಯುತ್ತಾರೆ. ಎರಡು ಗಂಟೆ ಭಾಷಣ ಕೇಳಿಸಿಕೊಂಡ ಹುಡುಗನಿಗೆ ಬರುವ ನಾಯಕತ್ವ ಗುಣ ಎಂದರೆ ಆಕಳಿಕೆ ಅದುಮಿಕೊಳ್ಳುವ ಕಲೆ ಒಂದೇ.

ತೀರ್ಮಾನ ಅವರಿಗೇ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಾನು ಕಣ್ಣಾರೆ ಕಂಡ ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಕ್ಲಬ್ ಪ್ರಾಯೋಜಿಸಿದ ವಿದ್ಯಾರ್ಥಿ ಕ್ಲಬ್ಬಿಗೆ ಆ ವರ್ಷ ಗಿಡ ನೆಡುವ ಕಾರ್ಯಕ್ರಮ ಕೊಡಬೇಕೆಂದು ಹಿರಿಯರು ಯೋಚಿಸಿದ್ದರು. ವಿದ್ಯಾರ್ಥಿಗಳು ಬೇಡ ಎಂದರು. ಅವರಿಗೆ ಬೇಕಾಗಿದ್ದದ್ದು ಹುಡುಗಿಯರ ಶೌಚಾಲಯದ ಬಾಗಿಲುಗಳಿಗೆ ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಸಭೆಯಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಹತ್ತನೇ ತರಗತಿಯ ಕಾರ್ಯದರ್ಶಿ ಪ್ರತಿ ಬಾಗಿಲಿನ ದಪ್ಪ ಅಳೆದು, ಯಾವುದಕ್ಕೆ ಎಂಥ ಚಿಲಕ, ಯಾವುದರ ಚೌಕಟ್ಟೇ ಕೊಳೆತಿದೆ ಎಂದು ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ತಂದಿದ್ದಳು. ಮುಖ್ಯೋಪಾಧ್ಯಾಯರಿಗೆ ಅನುಮತಿ ಪತ್ರ ಬರೆದದ್ದು ಅವರೇ, ಬಡಗಿಯ ಜೊತೆ ನಿಂತು ಕೆಲಸ ಮಾಡಿಸಿದ್ದು ಅವರೇ, ಉಳಿದ ಹಣದ ಲೆಕ್ಕ ಒಪ್ಪಿಸಿದ್ದೂ ಅವರೇ. ಉದ್ಘಾಟನೆ ಮಾತ್ರ ಆಗಲಿಲ್ಲ. ಶೌಚಾಲಯದ ಬಾಗಿಲ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲು ಯಾವ ಪದಾಧಿಕಾರಿಯೂ ಉತ್ಸಾಹ ತೋರಲಿಲ್ಲ. ತಮಾಷೆ ಎಂದರೆ, ಷಿಕಾಗೋದ ಮೊದಲ ರೋಟರಿ ಕ್ಲಬ್ 1907ರಲ್ಲಿ ಕೈಗೆತ್ತಿಕೊಂಡ ಮೊದಲ ಸಾರ್ವಜನಿಕ ಕೆಲಸವೇ ನಗರದಲ್ಲಿ ಸಾರ್ವಜನಿಕ ಶೌಚಾಲಯ ಕಟ್ಟಿಸುವುದು. ಅದು ಆ ಮಕ್ಕಳಿಗೆ ಗೊತ್ತಿರಲಿಲ್ಲ, ಮುಖ ಸಿಂಡರಿಸಿದ ನಮ್ಮವರಿಗೂ ನೆನಪಿರಲಿಲ್ಲ.

ವಿದ್ಯಾರ್ಥಿವೇತನದ ಬಗ್ಗೆ ನನ್ನ ನಿಲುವು ತುಸು ಕಟುವಾದದ್ದು. ಹಣ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ವಿದ್ಯಾರ್ಥಿಯನ್ನು ವೇದಿಕೆಗೆ ಕರೆದು, ಮನೆಯ ಕಷ್ಟವನ್ನು ಮೈಕಿನಲ್ಲಿ ಹೇಳಿ, ಚೆಕ್ ಕೊಡುವುದನ್ನು ನಾನು ಒಪ್ಪುವುದಿಲ್ಲ. ಸಹಪಾಠಿಗಳೆಲ್ಲ ಎದುರಿಗೆ ಕುಳಿತಿರುವಾಗ ತಂದೆಯ ಕಾಯಿಲೆಯ ವಿವರ ಕೇಳಿಸಿಕೊಂಡು ನಗುಮುಖ ಮಾಡುವ ಹುಡುಗಿಯ ಸ್ಥಿತಿಯನ್ನು ಊಹಿಸಿಕೊಳ್ಳಿ. ಹಣ ಸದ್ದಿಲ್ಲದೆ ಖಾತೆಗೆ ಹೋಗಲಿ. ವೇದಿಕೆ ಬೇಕೇ ಬೇಕೆಂದಾದರೆ ಅವಳು ಮಾಡಿದ ವಿಜ್ಞಾನ ಪ್ರಯೋಗವನ್ನೋ ಬರೆದ ಪ್ರಬಂಧವನ್ನೋ ತೋರಿಸಲು ಕೊಡಿ. ಇನ್ನೊಂದು ಮಾತು, ಕ್ಲಬ್ ಸದಸ್ಯರ ಬಳಿ ಹಣಕ್ಕಿಂತ ಅಪರೂಪದ್ದು ಅವರ ವೃತ್ತಿಯ ಪರಿಚಯ. ಒಬ್ಬ ಲೆಕ್ಕಪರಿಶೋಧಕರೋ ದಾದಿಯೋ ರಜೆಯಲ್ಲಿ ಒಬ್ಬ ವಿದ್ಯಾರ್ಥಿಯನ್ನು ಕೆಲಸದ ಜಾಗದಲ್ಲಿ ಪಕ್ಕ ಕೂರಿಸಿಕೊಂಡರೆ, ಆ ವಿದ್ಯಾರ್ಥಿಗೆ ಮುಂದಿನ ದಾರಿಯ ಬಗ್ಗೆ ಯಾವ ಮಾರ್ಗದರ್ಶನ ಶಿಬಿರವೂ ಕೊಡದ ತಿಳಿವಳಿಕೆ ಸಿಗುತ್ತದೆ.

ಇನ್ನು ಸನ್ಮಾನ. ಇಲ್ಲಿ ಹೊರಗಿನವರಿಗೆ ತಿಳಿಯದ ಒಂದು ವ್ಯತ್ಯಾಸ ಇದೆ. ಪಾಲ್ ಹ್ಯಾರಿಸ್ ಫೆಲೋ, ಮೆಲ್ವಿನ್ ಜೋನ್ಸ್ ಫೆಲೋ ಎಂಬ ಬಿರುದುಗಳನ್ನು ನೀವು ಕೇಳಿರಬಹುದು. ಮೊದಲನೆಯದು ರೋಟರಿ ಪ್ರತಿಷ್ಠಾನಕ್ಕೆ, ಎರಡನೆಯದು ಲಯನ್ಸ್ ಪ್ರತಿಷ್ಠಾನಕ್ಕೆ ಸಾವಿರ ಡಾಲರ್ ದೇಣಿಗೆ ಸಂದಾಗ ಕೊಡುವ ಮನ್ನಣೆ. ತಾವೇ ದೇಣಿಗೆ ಕೊಟ್ಟು ಪಡೆಯಬಹುದು, ಇನ್ನೊಬ್ಬರ ಗೌರವಾರ್ಥ ಕೊಟ್ಟು ಅವರಿಗೆ ಕೊಡಿಸಲೂಬಹುದು. ಇದರಲ್ಲಿ ಮುಚ್ಚುಮರೆ ಏನೂ ಇಲ್ಲ; ಆ ಹಣ ಪೋಲಿಯೊ ನಿರ್ಮೂಲನೆ, ದೃಷ್ಟಿದೋಷ ನಿವಾರಣೆಯಂಥ ಕೆಲಸಗಳಿಗೆ ಹೋಗುತ್ತದೆ. ಆದರೆ ಸಮುದಾಯಕ್ಕಾಗಿ ದುಡಿದವರಿಗೆ ಕ್ಲಬ್ ಕೊಡುವ ಗೌರವ ಬೇರೆಯೇ. ಅದರ ಬೆಲೆ ನಿಂತಿರುವುದು ಆಯ್ಕೆಯ ಮೇಲೆ ಮಾತ್ರ. ಎರಡನ್ನೂ ಒಂದೇ ವೇದಿಕೆಯಲ್ಲಿ ಒಂದೇ ಧಾಟಿಯಲ್ಲಿ ಕೊಟ್ಟರೆ ಜನ ಎರಡನ್ನೂ ನಂಬುವುದಿಲ್ಲ.

ಆಯ್ಕೆ ಸಮಿತಿಯಲ್ಲಿ ಹೆಸರುಗಳು ಹೇಗೆ ಬರುತ್ತವೆ ಗೊತ್ತೇ? ಸದಸ್ಯರೊಬ್ಬರ ಭಾವಮೈದುನ, ಮುಂದೆ ಅನುಮತಿಗೆ ಬೇಕಾಗುವ ಅಧಿಕಾರಿ, ಈಗಾಗಲೇ ಸಾಕಷ್ಟು ಕಡೆ ಸನ್ಮಾನಗೊಂಡ ಗಣ್ಯರು. ನಾವು ಮಾಡಿಕೊಂಡ ನಿಯಮ ಸರಳ: ಸದಸ್ಯರ ಬಂಧುಗಳು ಬೇಡ, ಹೆಸರು ಸೂಚಿಸುವವರು ಕ್ಲಬ್ಬಿನ ಹೊರಗಿನವರಾಗಿರಲಿ, ಸನ್ಮಾನ ಪತ್ರವನ್ನು ವಿದ್ಯಾರ್ಥಿ ಕ್ಲಬ್ಬಿನವರು ಬರೆಯಲಿ. ಮೂರನೆಯದಕ್ಕೆ ಬಹಳ ವಿರೋಧ ಬಂತು, ಭಾಷೆ ಕೆಡುತ್ತದೆ ಎಂದು. ಅಲ್ಲಿಯವರೆಗಿನ ನಮ್ಮ ಸನ್ಮಾನ ಪತ್ರಗಳ ಭಾಷೆ ಹೇಗಿತ್ತೆಂದರೆ, 'ಸರಳ ಸಜ್ಜನಿಕೆಯ, ನಿಸ್ವಾರ್ಥ ಸೇವೆಯ ಸಾಕಾರಮೂರ್ತಿ' ಎಂಬ ಸಾಲಿನ ಕೆಳಗೆ ಯಾರ ಹೆಸರನ್ನು ಬರೆದರೂ ಹೊಂದುತ್ತಿತ್ತು.

ಆ ವರ್ಷ ಆಯ್ಕೆಯಾದವರು ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದ ಹಿರಿಯ ನೌಕರಳು. ಇಬ್ಬರು ವಿದ್ಯಾರ್ಥಿಗಳು ಹೋಗಿ ಅವರ ಕೆಲಸ ನೋಡಿದರು, ಪ್ರಶ್ನೆ ಕೇಳಿದರು. ರೋಗಿಗಳ ಉಡುಪು ಯಂತ್ರಕ್ಕೆ ಹೋಗುವ ಮುನ್ನ ಆಕೆ ಪ್ರತಿ ಜೇಬನ್ನೂ ತಡವುತ್ತಿದ್ದರು. ಸಿಕ್ಕ ಉಂಗುರ, ಮಡಚಿದ ಪತ್ರ, ಶ್ರವಣ ಯಂತ್ರ, ಎಲ್ಲವೂ ಬೇರೆ ಬೇರೆ ಲಕೋಟೆಗೆ. ಮೇಲೆ ವಾರ್ಡಿನ ಸಂಖ್ಯೆ, ತಾರೀಖು. ಬಿಡುವಿನಲ್ಲಿ ತಾವೇ ವಾರ್ಡಿಗೆ ಹೋಗಿ ಹಿಂದಿರುಗಿಸುತ್ತಿದ್ದರು. ಸನ್ಮಾನ ಪತ್ರದಲ್ಲಿ ಇದ್ದದ್ದು ಇಷ್ಟೇ, ವಿಶೇಷಣಗಳಿಲ್ಲದೆ. ಹುಡುಗನೊಬ್ಬ ಓದಿದ, ನಡುವೆ ಒಮ್ಮೆ ತಡವರಿಸಿದ, ಯಾರೂ ಗಡಿಯಾರ ನೋಡಿಕೊಳ್ಳಲಿಲ್ಲ. ಆಸ್ಪತ್ರೆಯ ಮೇಲ್ವಿಚಾರಕರೂ ಸಭೆಯಲ್ಲಿದ್ದರು. ಲಕೋಟೆಗಳ ವಿಷಯ ಅವರಿಗೂ ಅಂದೇ ತಿಳಿದದ್ದು. ಆಮೇಲೆ ಆ ವಿಭಾಗಕ್ಕೆ ಬೀಗವಿರುವ ಒಂದು ಕಪಾಟು, ದಾಖಲಿಸಲು ಒಂದು ಪುಸ್ತಕ ಬಂದವು. ಸನ್ಮಾನ ಎಂದರೆ ನನಗೆ ಬೇಕಾದದ್ದು ಈ ಥರದ್ದು: ಗೌರವ ಸಿಕ್ಕವರ ಕೆಲಸ ಮರುದಿನದಿಂದ ಸ್ವಲ್ಪ ಹಗುರಾಗಬೇಕು.

ಯಾರಿಗೆ ಸನ್ಮಾನ ಎಂಬುದು ಕ್ಲಬ್ಬಿನ ಒಳಗೆ ಯಾರು ಕುಳಿತಿದ್ದಾರೆ ಎಂಬುದನ್ನೂ ಅವಲಂಬಿಸಿರುತ್ತದೆ. ರೋಟರಿ ಬಹುಕಾಲ ಗಂಡಸರದ್ದೇ ಕೂಟವಾಗಿತ್ತು. ಕ್ಯಾಲಿಫೋರ್ನಿಯಾದ ಡುವಾರ್ಟೆ ಕ್ಲಬ್ ಮಹಿಳೆಯರನ್ನು ಸೇರಿಸಿಕೊಂಡದ್ದಕ್ಕೆ ಅದರ ಮಾನ್ಯತೆಯೇ ರದ್ದಾಗಿತ್ತು. ಅಮೆರಿಕದ ಸುಪ್ರೀಂ ಕೋರ್ಟ್ 1987ರಲ್ಲಿ ಆ ಕ್ಲಬ್ಬಿನ ಪರ ತೀರ್ಪು ಕೊಟ್ಟಿತು, 1989ರಲ್ಲಿ ರೋಟರಿ ತನ್ನ ನಿಯಮವನ್ನೇ ಬದಲಿಸಿತು. ಬಟ್ಟೆ ಒಗೆಯುವ ವಿಭಾಗದ ಆ ಹೆಸರನ್ನು ನಮ್ಮ ಸಮಿತಿಯಲ್ಲಿ ಪಟ್ಟು ಹಿಡಿದು ಬೆಂಬಲಿಸಿದವರೂ ಒಬ್ಬ ಮಹಿಳಾ ಸದಸ್ಯರೇ.

ಈಗ ಈ ಕ್ಲಬ್‌ಗಳ ನಿಜವಾದ ದೌರ್ಬಲ್ಯ. ಭ್ರಷ್ಟಾಚಾರವಲ್ಲ, ಪ್ರಚಾರದ ಹುಚ್ಚೂ ಅಲ್ಲ; ಒಂದು ವರ್ಷದ ಅಧಿಕಾರಾವಧಿ. ರೋಟರಿ, ಲಯನ್ಸ್ ಎರಡರಲ್ಲೂ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಹೊಸ ಅಧ್ಯಕ್ಷರು ಪದಗ್ರಹಣದ ದಿನ ಹೊಸ ಯೋಜನೆ ಘೋಷಿಸುತ್ತಾರೆ, ಹಳೆಯದು ಅನಾಥವಾಗುತ್ತದೆ. ಹದಿನಾಲ್ಕರ ಹುಡುಗಿಗೆ ಮಾರ್ಗದರ್ಶನ ಮಾಡುತ್ತೇವೆಂದು ಮಾತು ಕೊಟ್ಟವರು ಅವಳು ಹದಿನೈದಕ್ಕೆ ಕಾಲಿಡುವಷ್ಟರಲ್ಲಿ ಬೇರೆ ಸಮಿತಿಗೆ ಹೋಗಿರುತ್ತಾರೆ. ಒಳ್ಳೆಯ ಕ್ಲಬ್‌ಗಳು ಯುವ ಸಮಿತಿಯವರನ್ನು ಮಾತ್ರ ಮೂರು ವರ್ಷ ಕದಲಿಸುವುದಿಲ್ಲ, ಮುಂದಿನ ಅಧ್ಯಕ್ಷರನ್ನು ಈ ವರ್ಷದ ಯೋಜನೆಯಲ್ಲೇ ಸೇರಿಸಿಕೊಳ್ಳುತ್ತವೆ.

ಹಾಗಾಗಿ ಸದಸ್ಯತ್ವದ ಅರ್ಜಿಗೆ ಸಹಿ ಹಾಕುವ ಮೊದಲು ಅತಿಥಿಯಾಗಿ ಎರಡು ಸಭೆಗೆ ಹೋಗಿ ಬನ್ನಿ. ಮೂರು ವರ್ಷ ಹಿಂದೆ ನೆರವು ಪಡೆದ ವಿದ್ಯಾರ್ಥಿಗಳು ಈಗ ಏನು ಮಾಡುತ್ತಿದ್ದಾರೆ ಎಂದು ವಿಚಾರಿಸಿ. ಉತ್ತರಕ್ಕೆ ಬದಲು ಆಲ್ಬಮ್ ತೆರೆದು ತೋರಿಸಿದರೆ ನಿಮಗೆ ಬೇಕಾದ ಮಾಹಿತಿ ಸಿಕ್ಕಿತು ಎಂದುಕೊಳ್ಳಿ. ಅಪ್ರಾಪ್ತ ವಯಸ್ಸಿನವರ ಜೊತೆ ಕೆಲಸ ಮಾಡುವ ಸದಸ್ಯರ ಪೂರ್ವಾಪರ ಪರಿಶೀಲಿಸುತ್ತಾರೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಈ ಪ್ರಶ್ನೆಗೆ ಮುನಿಸಿಕೊಳ್ಳುವ ಕ್ಲಬ್ಬಿನಿಂದ ದೂರ ಇರಿ. ದೇಣಿಗೆ ಖಾತೆ ಮತ್ತು ಆಡಳಿತ ವೆಚ್ಚದ ಖಾತೆ ಬೇರೆ ಬೇರೆ ಇವೆಯೇ ಎಂಬುದನ್ನೂ ನೋಡಿ. ವಾರದ ಸಭೆಗಳಿಗೆ ಸಮಯ ಹೊಂದದಿದ್ದರೆ ಸದಸ್ಯರಾಗಲೇಬೇಕೆಂದಿಲ್ಲ. ಸನ್ಮಾನಕ್ಕೆ ಹೆಸರು ಸೂಚಿಸಲು ಹೊರಗಿನವರೂ ಪತ್ರ ಬರೆಯಬಹುದು, ಅಂಥ ಪತ್ರಗಳು ನಮ್ಮ ಸಮಿತಿಗೆ ಬರುವುದು ತೀರಾ ಕಡಿಮೆ.