ರಾಶಿ ಮುಗಿದ ಮೇಲೆ ಬಂದ ಪ್ರಾಜೆಕ್ಟ್

ಪ್ರಶ್ನೆ: ಕಲಬುರಗಿಯಲ್ಲಿ ಸಸ್ಯಶಾಸ್ತ್ರ ಎಂ.ಎಸ್ಸಿ ಕೊನೆಯ ಸೆಮಿಸ್ಟರ್ ಓದುತ್ತಿದ್ದೇನೆ. ತೊಗರಿಯ ನೆಟೆ ರೋಗದ ಮೇಲೆ ಪ್ರಾಜೆಕ್ಟ್ ಮಾಡು ಎಂದು ಗೈಡ್ ಫೆಬ್ರುವರಿಯಲ್ಲಿ ಹೇಳಿದರು. ಹೊಲದಲ್ಲಿ ಈಗ ತೊಗರಿಯೇ ಇಲ್ಲ. ಕೇಳಲು ಹೋದರೆ ಸಭೆ, ಪರೀಕ್ಷಾ ಕೆಲಸ ಎನ್ನುತ್ತಾರೆ. ಹತ್ತು ನಿಮಿಷ ಸಿಕ್ಕರೂ ‘ಇನ್ನಷ್ಟು ಪೇಪರ್ ಓದು’ ಎಂದು ಕಳಿಸುತ್ತಾರೆ. ಉಳಿದಿರುವುದು ಮೂರು ತಿಂಗಳು. ಏನು ಮಾಡಲಿ ಸರ್?
– ವಿದ್ಯಾರ್ಥಿನಿ, ಜೇವರ್ಗಿ ತಾಲ್ಲೂಕು

ಉತ್ತರ: ತೊಗರಿ ಬಿತ್ತುವುದು ಜೂನ್, ಜುಲೈನಲ್ಲಿ, ರಾಶಿ ಆಗುವುದು ಡಿಸೆಂಬರ್, ಜನವರಿಯಲ್ಲಿ. ನಮ್ಮ ಪ್ರಾಜೆಕ್ಟ್‌ಗಳು ಶುರುವಾಗುವುದು ಸರಿಯಾಗಿ ಅದರ ಮರು ತಿಂಗಳು. ಈ ವೇಳಾಪಟ್ಟಿ ಹಾಕಿದವರು ಹೊಲದ ಬದುವಿನ ಮೇಲೆ ಒಮ್ಮೆಯೂ ನಿಂತವರಲ್ಲ ಎಂಬುದು ನನ್ನ ಹಳೆಯ ಅನುಮಾನ.

ಆದರೆ ಗಿಡವನ್ನು ನಿಂತಲ್ಲೇ ಬಾಡಿಸುವ ನೆಟೆ ರೋಗ ತರುವ ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರ ಬೆಳೆಯ ಜೊತೆ ಹೊಲ ಬಿಟ್ಟು ಹೋಗುವುದಿಲ್ಲ. ಕೂಳೆಯಲ್ಲಿ, ಬೇರಿನ ಚೂರುಗಳಲ್ಲಿ ಮೂರು ವರ್ಷದವರೆಗೂ ಬದುಕಿರಬಲ್ಲದು. ಹಾಗಾಗಿ ಊರಿಗೆ ಹೋಗಿ, ಈ ಸಲ ಯಾರ ಹೊಲದಲ್ಲಿ ನೆಟೆ ಬಿದ್ದಿತ್ತು ಎಂದು ವಿಚಾರಿಸಿ. ನೇಗಿಲು ಹೊಡೆಯುವ ಮೊದಲು ಆ ಸಾಲಿನ ಕೂಳೆಯನ್ನು ಬೇರಿನ ಸಮೇತ ಅಗೆದು ತನ್ನಿ. ಉದ್ದಕ್ಕೆ ಸೀಳಿ ನೋಡಿ. ಸಿಪ್ಪೆಯ ಕೆಳಗೆ, ನೀರು ಏರುವ ನಾಳಗಳಿರುವ ಕಡೆ ಕಂದು ಅಥವಾ ಕಪ್ಪು ಗೆರೆ ಕಂಡರೆ ನಿಮಗೆ ಬೇಕಾದದ್ದು ಅದೇ. ಆ ಗೆರೆಯ ಅಂಚಿನ ಭಾಗವನ್ನು ಅರ್ಧ ಸೆಂಟಿಮೀಟರ್ ಚೂರು ಮಾಡಿ, ಶೇ 1ರ ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ ಒಂದೆರಡು ನಿಮಿಷ ಅದ್ದಿ, ಕ್ರಿಮಿರಹಿತಗೊಳಿಸಿದ ನೀರಿನಲ್ಲಿ ಮೂರು ಬಾರಿ ತೊಳೆದು, ಆಲೂಗಡ್ಡೆ ಅಗರ್ ತಟ್ಟೆಯ ಮೇಲಿಡಿ. 25ರಿಂದ 28 ಡಿಗ್ರಿಯಲ್ಲಿ ಮೂರ್ನಾಲ್ಕು ದಿನಕ್ಕೆ ಬಿಳಿ ಹತ್ತಿಯಂತಹ ಬೆಳವಣಿಗೆ ಕಾಣಬೇಕು. ಒಣಗಿದ ಕಟ್ಟಿಗೆಯಲ್ಲಿ ಬೇರೆ ಬೂಷ್ಟುಗಳೂ ಮನೆ ಮಾಡಿರುತ್ತವೆ. ಹತ್ತು ತಟ್ಟೆ ಇಟ್ಟರೆ ನಾಲ್ಕು ಹಾಳಾಗಬಹುದು, ಗಾಬರಿ ಬೇಡ.

ಈಗ ಗೈಡ್ ವಿಚಾರ. ‘ಮುಂದೇನು ಮಾಡಲಿ ಸರ್’ ಎಂಬ ಪ್ರಶ್ನೆಗೆ ‘ಪೇಪರ್ ಓದು’ ಎಂಬುದೊಂದೇ ಉತ್ತರ. ನಾನೂ ಎಷ್ಟೋ ಮಕ್ಕಳಿಗೆ ಹಾಗೆ ಹೇಳಿ ಸಾಗಹಾಕಿದ್ದೇನೆ. ಸೀಳಿದ ಕಾಂಡ, ಮೂರು ತಟ್ಟೆ, ದಿನಾಂಕ ಹಾಕಿದ ನೋಟ್‌ಬುಕ್ ಹಿಡಿದು ಹೋಗಿ, ‘ಇವುಗಳಲ್ಲಿ ಯಾವುದನ್ನು ಮುಂದುವರಿಸಲಿ?’ ಎಂದು ಕೇಳಿ. ಸಭೆಗೆ ಹೊರಟಿದ್ದರೂ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡದೆ ಹೋದ ಶಿಲೀಂಧ್ರಶಾಸ್ತ್ರದ ಮೇಷ್ಟ್ರನ್ನು ನಾನು ಕಂಡಿಲ್ಲ. ವಾರಕ್ಕೊಮ್ಮೆ ಇಪ್ಪತ್ತು ನಿಮಿಷ, ಗೊತ್ತಾದ ದಿನ, ಗೊತ್ತಾದ ಹೊತ್ತು ಎಂದು ಅಲ್ಲೇ ಗೊತ್ತುಪಡಿಸಿಕೊಳ್ಳಿ.

ಒಂದು ಎಚ್ಚರಿಕೆ. ಕುಂಡದಲ್ಲಿ ಗಿಡ ಬೆಳೆಸಿ ರೋಗ ಬರಿಸುವ ಪ್ರಯೋಗಕ್ಕೆ ಈಗ ಕೈ ಹಾಕಬೇಡಿ. ವಿದ್ಯಾರ್ಥಿಯಾಗಿದ್ದಾಗ ಏಪ್ರಿಲ್‌ನಲ್ಲಿ ಮಾಳಿಗೆಯ ಮೇಲೆ ಹನ್ನೆರಡು ಕುಂಡ ಇಟ್ಟಿದ್ದೆ. ಎರಡು ವಾರಕ್ಕೆ ಗಿಡಗಳೆಲ್ಲ ಜೋತು ಬಿದ್ದವು. ರೋಗ ಬಂತು ಎಂಬ ಸಂಭ್ರಮದಲ್ಲಿ ಮೇಷ್ಟ್ರನ್ನು ಕರೆತಂದೆ. ಅವರು ಜೇಬಿನಿಂದ ಬ್ಲೇಡ್ ತೆಗೆದು ಒಂದು ಕಾಂಡ ಸೀಳಿದರು. ಒಳಗೆ ಅಚ್ಚ ಬಿಳಿ. ‘ಇದು ನೆಟೆ ಅಲ್ಲಪ್ಪ, ಬಿಸಿಲು’ ಎಂದು ಇಳಿದು ಹೋದರು. ರೋಗಾಣು ಸೇರಿಸದ ಕುಂಡಗಳನ್ನು ಹೋಲಿಕೆಗೆ ಪಕ್ಕದಲ್ಲಿ ಇಟ್ಟಿದ್ದರೆ ನನಗೇ ತಿಳಿಯುತ್ತಿತ್ತು.

ಮೂರು ತಿಂಗಳಿಗೆ ಹೊಂದುವುದು, ರೋಗದ ಶಿಲೀಂಧ್ರಗಳನ್ನು ಹತ್ತಿಕ್ಕುವ ಟ್ರೈಕೋಡರ್ಮಾ ಎಂಬ ಶಿಲೀಂಧ್ರವನ್ನು ಎದುರು ನಿಲ್ಲಿಸುವ ಪ್ರಯೋಗ. ಒಂದೇ ತಟ್ಟೆಯ ಒಂದು ಬದಿಗೆ ನಿಮ್ಮ ಫ್ಯುಸೇರಿಯಂನ 5 ಮಿಲಿಮೀಟರ್ ಬಿಲ್ಲೆ, ಎದುರು ಬದಿಗೆ ಟ್ರೈಕೋಡರ್ಮಾ ಬಿಲ್ಲೆ. ಜೊತೆಗೆ ಫ್ಯುಸೇರಿಯಂ ಮಾತ್ರ ಇರುವ ತಟ್ಟೆಗಳು. ಪ್ರತಿದಿನ ಅದೇ ಹೊತ್ತಿಗೆ ಬೆಳವಣಿಗೆ ಅಳೆಯಿರಿ. ಕರೆಂಟ್ ಹೋಗಿ ಇನ್‌ಕ್ಯುಬೇಟರ್ 38 ಡಿಗ್ರಿಗೆ ಏರಿದ್ದರೆ ಅದನ್ನೂ ಬರೆದಿಡಿ. ಮುಚ್ಚಿಟ್ಟರೆ ಅಂದಿನ ಅಂಕಿ ಏಕೆ ಕುಸಿಯಿತು ಎಂದು ಮೌಖಿಕ ಪರೀಕ್ಷೆಯಲ್ಲಿ ನೀವೇ ತಡವರಿಸುತ್ತೀರಿ. ಆಕಾರ ನೋಡಿಯಷ್ಟೇ ‘ಉಡಮ್’ ಎಂದು ಬರೆಯಬೇಡಿ. ಕುಡುಗೋಲಿನಂತೆ ಬಾಗಿದ ಬೀಜಕಣ ಹಲವು ಫ್ಯುಸೇರಿಯಂಗಳಿಗೆ ಇರುತ್ತದೆ. ಜೀನ್ ಪರೀಕ್ಷೆ ಆಗುವವರೆಗೆ ‘ಫ್ಯುಸೇರಿಯಂ ಜಾತಿ’ ಎಂದಷ್ಟೇ ಇರಲಿ. ಮುಗಿದ ತಟ್ಟೆಗಳನ್ನು ಆಟೋಕ್ಲೇವ್ ಮಾಡದೆ, ಅಂದರೆ ಒತ್ತಡದ ಹಬೆಯಲ್ಲಿ ರೋಗಾಣು ಕೊಲ್ಲದೆ, ಹೊರಗೆ ಎಸೆಯಬೇಡಿ, ಸುತ್ತ ಇರುವುದೆಲ್ಲ ತೊಗರಿ ನಾಡು.

ಪ್ರಶ್ನೆ: ಯಾದಗಿರಿ ಜಿಲ್ಲೆಯ ಪದವಿ ಕಾಲೇಜಿನಲ್ಲಿ ಉಪನ್ಯಾಸಕ. ನಮ್ಮಲ್ಲಿ ಸೂಕ್ಷ್ಮದರ್ಶಕ ಎರಡು, ಆಟೋಕ್ಲೇವ್ ಇಲ್ಲ. ವಿದ್ಯಾರ್ಥಿಗಳಿಂದ ಸಂಶೋಧನೆ ಮಾಡಿಸಲು ಸಾಧ್ಯವೇ?

ಉತ್ತರ: ಧಾರಾಳವಾಗಿ. ಅಡುಗೆಮನೆಯ ಪ್ರೆಶರ್ ಕುಕ್ಕರ್ ಕೂಡ ಹೆಚ್ಚುಕಡಿಮೆ 15 ಪೌಂಡ್ ಒತ್ತಡಕ್ಕೆ, 121 ಡಿಗ್ರಿಗೆ ಹೋಗುತ್ತದೆ. ಸಣ್ಣ ಪ್ರಮಾಣಕ್ಕೆ ಸಾಕು. ಆದರೆ ಅದಕ್ಕೂ ಮೊದಲು ಗುದ್ದಲಿ ತೆಗೆದುಕೊಳ್ಳಿ. ಬಿತ್ತಿ 35–40 ದಿನವಾದ ತೊಗರಿ ಗಿಡವನ್ನು ಕೀಳದೆ, ಮಣ್ಣಿನ ಹೆಂಟೆ ಸಮೇತ ಅಗೆದು, ನೀರಿನಲ್ಲಿ ನೆನೆಸಿ ಬೇರು ಬಿಡಿಸಬೇಕು. ಕಿತ್ತರೆ ಬೇರಿನ ಗಂಟುಗಳೆಲ್ಲ ಮಣ್ಣಲ್ಲೇ ಉಳಿಯುತ್ತವೆ. ಬೇರುಗಂಟುಗಳನ್ನು ಎಣಿಸಿ, ಬ್ಲೇಡಿನಿಂದ ಕತ್ತರಿಸಿ: ಒಳಗೆ ನಸುಗೆಂಪು ಇದ್ದರೆ ರೈಝೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಕಟ್ಟುತ್ತಿದೆ, ಹಸಿರು ಅಥವಾ ಕಂದಾದರೆ ಕೆಲಸ ನಿಲ್ಲಿಸಿದೆ. ಬೀಜಕ್ಕೆ ರೈಝೋಬಿಯಂ ಲೇಪಿಸಿದ ಹೊಲ, ಲೇಪಿಸದ ಹೊಲ, ಎರಡರಿಂದಲೂ ಗಿಡ ತರಲಿ. ಒಬ್ಬ ಎಣಿಸಿದ್ದನ್ನು ಇನ್ನೊಬ್ಬ, ಮೊದಲನೆಯವನ ಅಂಕಿ ನೋಡದೆ, ಮತ್ತೆ ಎಣಿಸಲಿ. ಇಬ್ಬರ ಲೆಕ್ಕ ತಾಳೆಯಾಗದ ದಿನ ನಿಮ್ಮ ತರಗತಿಯಲ್ಲಿ ನಿಜವಾದ ಚರ್ಚೆ ಶುರುವಾಗುತ್ತದೆ. ನೀವೂ ಒಂದು ಹೆಂಟೆ ತೊಳೆಯಿರಿ. ಕೈ ಕೆಸರಾಗದ ಮೇಷ್ಟ್ರ ಮಾತನ್ನು ಈ ವಯಸ್ಸಿನವರು ಕೇಳುವುದಿಲ್ಲ.

ಪ್ರಶ್ನೆ: ನನ್ನ ಊರು ಬೀದರ್ ಜಿಲ್ಲೆ, ಪಿಎಚ್‌.ಡಿ ಮಾಡುತ್ತಿರುವುದು ಹೊರಗೆ. ದೇವಣಿ ಹಸುಗಳ ಹಾಲಿನ ಮಾದರಿ ತಂದು ಕೆಚ್ಚಲು ಬಾವಿನ ಬ್ಯಾಕ್ಟೀರಿಯಾ ಬೇರ್ಪಡಿಸಿದವನು ನಾನು. ಪ್ರಬಂಧದಲ್ಲಿ ಮೊದಲ ಹೆಸರು ಬೇರೊಬ್ಬರದು ಎಂದು ಗೈಡ್ ಹೇಳುತ್ತಿದ್ದಾರೆ.

ಉತ್ತರ: ಜೀವವಿಜ್ಞಾನದ ರೂಢಿಯಲ್ಲಿ ಕೆಲಸದ ಹೆಚ್ಚಿನ ಭಾಗ ಮಾಡಿ ಬರೆದವರ ಹೆಸರು ಮೊದಲು, ಮಾರ್ಗದರ್ಶಕರದು ಕೊನೆಗೆ. ಮಾದರಿ ತಂದುಕೊಟ್ಟದ್ದಷ್ಟೇ ಲೇಖಕತ್ವಕ್ಕೆ ಸಾಲದು ಎಂಬುದೂ ಸತ್ಯ. ವಿಶ್ಲೇಷಣೆ, ಬರವಣಿಗೆಯಲ್ಲಿ ನಿಮ್ಮ ಪಾಲೆಷ್ಟು ಎಂದು ಮೊದಲು ಪ್ರಾಮಾಣಿಕವಾಗಿ ಲೆಕ್ಕ ಹಾಕಿ. ಪ್ರಕಟಣೆಯ ಅವಸರವೇ ಜಗಳಕ್ಕೆ ಕಾರಣವಾಗಿದ್ದರೆ ಒಂದು ವಿಷಯ ತಿಳಿದಿರಲಿ: ಯುಜಿಸಿಯ 2022ರ ನಿಯಮಗಳಲ್ಲಿ ಪಿಎಚ್‌.ಡಿಗೆ ಪ್ರಬಂಧ ಪ್ರಕಟಣೆ ಕಡ್ಡಾಯವಿಲ್ಲ. ನಿಮ್ಮ ವಿಶ್ವವಿದ್ಯಾಲಯದ ನಿಯಮ ಏನೆನ್ನುತ್ತದೆ ಎಂದು ನೋಡಿಕೊಳ್ಳಿ. ಹಣ ಪಡೆದು ನಾಲ್ಕು ದಿನದಲ್ಲಿ ಅಚ್ಚು ಹಾಕುವ ಪತ್ರಿಕೆಗಳ ಕಡೆ ಮಾತ್ರ ಇಬ್ಬರೂ ತಲೆ ಹಾಕಬೇಡಿ.

ನೋಟ್‌ಬುಕ್ ಎದುರಿಗಿಟ್ಟುಕೊಂಡು, ಗೈಡ್ ಒಬ್ಬರೇ ಇದ್ದಾಗ, ವಿನಯದಿಂದ ಕೇಳಿ. ಮಾತು ಮುಗಿದ ಸಂಜೆಯೇ ‘ಇಂದು ತೀರ್ಮಾನವಾದಂತೆ’ ಎಂದು ಆರಂಭಿಸಿ ಅವರಿಗೆ ಒಂದು ಇಮೇಲ್ ಕಳಿಸಿ. ಅವರು ಉತ್ತರಿಸದಿದ್ದರೂ ದಿನಾಂಕ ಉಳಿಯುತ್ತದೆ.